ಜಿಪಿಎಲ್ ಪರವಾನಗಿಯ ಯೋಜನೆಯನ್ನು ಅಪಾಚೆ ಸ್ವೀಕರಿಸುತ್ತದೆಯೇ?

ಪ್ರಶ್ನೆ:
ದತ್ತಾಂಶ ವರ್ಗಾವಣೆಯ ಮುಕ್ತ ತಂತ್ರಾಂಶವೊಂದನ್ನು ನಿರ್ವಹಿಸುತ್ತಿದ್ದೇನೆ. ಅದರ ಪರವಾನಗಿ ಜಿಪಿಎಲ್; ಅಂದರೆ ಬದಲಾಯಿಸಿ ಹಂಚುವವರೂ ಅದೇ ಪರವಾನಗಿಯಲ್ಲೇ ಹಂಚಬೇಕು. ಬಳಕೆದಾರರು ಬಹಳ. ಆದರೆ ಕೋಡ್ ಸೇರಿಸುವ ಅಧಿಕಾರವಿರುವವರೆಲ್ಲ ಒಂದೇ ಕಂಪನಿಯವರು. ನಾಳೆ ಕಂಪನಿ ಕೈಬಿಟ್ಟರೂ ಇದು ಬದುಕಬೇಕು ಎಂಬುದೇ ನನ್ನ ಆಸೆ. ಮುಕ್ತ ತಂತ್ರಾಂಶ ಯೋಜನೆಗಳಿಗೆ ನೆಲೆ ಕೊಡುವ ಲಾಭರಹಿತ ಸಂಸ್ಥೆಯಾದ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್‌ಗೆ ಸೇರಿಸಬಹುದೇ?

ಉತ್ತರ 1:
ಒಂದೇ ಕಂಪನಿಯವರು ಎಂಬುದು ಒಳಗೆ ಬರಲು ಅಡ್ಡಿಯಲ್ಲ, ಮುಂದೆ ಹೋಗಲು ಅಡ್ಡಿ. ಹೊಸ ಯೋಜನೆಗಳು ಮೊದಲು ಇನ್‌ಕ್ಯುಬೇಟರ್‌ಗೆ, ಅಂದರೆ ಅಪಾಚೆಯ ತರಬೇತಿ ಹಂತಕ್ಕೆ, ಬರುತ್ತವೆ. ಅಲ್ಲಿ ಮಾರ್ಗದರ್ಶಕರು ನೋಡುವುದು ಕೋಡಿನ ಜಾಣ್ಮೆಯನ್ನಲ್ಲ. ನಿರ್ಧಾರಗಳು ಬಹಿರಂಗವಾಗಿ ಆಗುತ್ತಿವೆಯೇ, ಹೊರಗಿನವರಿಗೆ ಅಧಿಕಾರ ಸಿಗುತ್ತಿದೆಯೇ ಎಂಬುದನ್ನು. ಪ್ರತಿ ಬಿಡುಗಡೆಗೆ ಕನಿಷ್ಠ 3 ಅಧಿಕೃತ ಸಮ್ಮತಿ ಮತಗಳು ಬೇಕು. ಕೋಡಿಗಿಂತ ಸಮುದಾಯವನ್ನು ನೋಡುವ ಈ ಮಾನದಂಡ ಸರಿಯಾದದ್ದೆಂದೇ ನಾನು ನಂಬುತ್ತೇನೆ. ಒಳ್ಳೆಯ ಕೋಡನ್ನು ಮತ್ತೆ ಬರೆಯಬಹುದು, ಚದುರಿದ ಸಮುದಾಯವನ್ನು ಮತ್ತೆ ಕಟ್ಟುವುದು ಕಷ್ಟ.

ನಿಮ್ಮ ನಿಜವಾದ ತೊಡಕು ಪರವಾನಗಿ. ಅಲ್ಲಿನ ಬಿಡುಗಡೆಗಳೆಲ್ಲ ಅಪಾಚೆ ಪರವಾನಗಿ 2.0ರಲ್ಲೇ ಇರಬೇಕು. ಜಿಪಿಎಲ್‌ನಿಂದ ಬದಲಾಯಿಸಲು ಕೃತಿಸ್ವಾಮ್ಯ ಹೊಂದಿರುವ ಎಲ್ಲರ ಒಪ್ಪಿಗೆ ಬೇಕು. ಹಳೆಯ ಕೊಡುಗೆದಾರರನ್ನು ಹುಡುಕುವ ಕೆಲಸವನ್ನು ಈಗಲೇ ಶುರು ಮಾಡಿ.

ಉತ್ತರ 2:
ಹೆಸರಿನ ವಿಷಯವೂ ಇದೆ. ಯೋಜನೆಯ ಹೆಸರಿನ ಟ್ರೇಡ್‌ಮಾರ್ಕ್ ಅಪಾಚೆ ಫೌಂಡೇಶನ್‌ಗೆ ಹೋಗುತ್ತದೆ. ಕಂಪನಿಯ ವಕೀಲರನ್ನು ಮೊದಲೇ ಕೇಳಿ.

ಉತ್ತರ 3:
ಪರವಾನಗಿ ಬದಲಾಯಿಸಲೇಬೇಕೇ? ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಇನ್ನೊಂದು ಲಾಭರಹಿತ ಸಂಸ್ಥೆ ಜಿಪಿಎಲ್ ಯೋಜನೆಗಳಿಗೂ ನೆಲೆ ಕೊಡುತ್ತದೆ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ ಗಿಟ್ ಅಲ್ಲಿಯೇ ಇದೆ.

ಪ್ರಶ್ನೆ ಕೇಳಿದವರು:
ಕನ್ಸರ್ವೆನ್ಸಿಯ ಅರ್ಜಿಯ ನಿಯಮಗಳನ್ನು ಓದುತ್ತೇನೆ. ಎರಡೂ ಕಡೆ ಹೊರಗಿನ ನಿರ್ವಾಹಕರು ಬೇಕೆಂದೇ ತೋರುತ್ತದೆ; ಮೊದಲು ಅವರನ್ನು ಸೇರಿಸಿಕೊಳ್ಳುತ್ತೇನೆ.