ಮಕ್ಕಳಿಗೆ ವಿಮಾನದ ಕಥೆ ಎಲ್ಲಿಂದ ಶುರು ಮಾಡಲಿ?

ಗಾಳಿಪಟ:
ಮಗಳಿಗೆ ಒಂಬತ್ತು ವರ್ಷ. ರೈಟ್ ಸಹೋದರರು 1903ರಲ್ಲಿ ವಿಮಾನ ಹಾರಿಸಿದರು ಅಂತ ಹೇಳಿದೆ. "ಅದಕ್ಕೂ ಮುಂಚೆ ಯಾರಿಗೂ ಯಾಕೆ ಆಗಲಿಲ್ಲ?" ಅಂದಳು. ಸುಮ್ನೆ ತಲೆ ಕೆರೆದುಕೊಂಡೆ. ಇಸವಿ, ಹೆಸರು ಬಾಯಿಪಾಠ ಮಾಡಿಸೋಕೆ ಇಷ್ಟವಿಲ್ಲ. ಹೇಗೆ ಹೇಳಲಿ?

ಹಳೇ ಸೈಕಲ್:
ಒಳ್ಳೇ ಪ್ರಶ್ನೆ ಕೇಳಿದ್ದಾಳೆ. ಮೇಲೆ ಏರೋದಕ್ಕಿಂತ, ಏರಿದ ಮೇಲೆ ವಾಲದೆ ಇರೋದೇ ಜಾಸ್ತಿ ಕಷ್ಟವಾಗಿತ್ತು. ಜರ್ಮನಿಯ ಒಟ್ಟೊ ಲಿಲಿಯೆಂತಾಲ್ ಗ್ಲೈಡರ್ ಕಟ್ಟಿಕೊಂಡು ಸುಮಾರು 2,000 ಸಲ ಹಾರಿದ್ದ. ಎಂಜಿನ್ ಇಲ್ಲ, ಗುಡ್ಡದಿಂದ ಓಡಿ ಜಿಗಿಯೋದು, ಮೈಯನ್ನೇ ಆ ಕಡೆ ಈ ಕಡೆ ತೂಗಿ ಸಮತೋಲ ಮಾಡೋದು. 1896ರಲ್ಲಿ ಬಿದ್ದು ಸತ್ತ. ಆ ಸುದ್ದಿ ಓದಿದ ಮೇಲೇ ರೈಟ್ ಸಹೋದರರಿಗೆ ಹಾರುವ ಹುಚ್ಚು ಜೋರಾಗಿದ್ದು. ಅವರದು ಸೈಕಲ್ ಅಂಗಡಿ ಅಲ್ವಾ, 1899ರಲ್ಲಿ ವಿಲ್ಬರ್ ಟ್ಯೂಬಿನ ಖಾಲಿ ರಟ್ಟಿನ ಡಬ್ಬಿ ಹಿಡಿದು ಎರಡೂ ತುದಿಗಳನ್ನು ಎದುರುಬದುರಾಗಿ ತಿರುಚುತ್ತಿದ್ದ, ರೆಕ್ಕೆಯನ್ನೂ ಹೀಗೇ ತಿರುಚಿದರೆ ವಾಲಿದ ವಿಮಾನ ನೆಟ್ಟಗಾಗುತ್ತೆ ಅಂತ ಆಗಲೇ ಹೊಳೆಯಿತು. ಟೂತ್‌ಪೇಸ್ಟ್ ಡಬ್ಬಿಯ ಎರಡೂ ತುದಿ ಬಿಚ್ಚಿ ತಿರುಚಿ ತೋರಿಸಿ, ಅರ್ಧ ಪಾಠ ಅದರಲ್ಲೇ ಇದೆ.

ಪುಸ್ತಕದ ಹುಳು:
ನಾನಾದರೆ 1783ರಿಂದ ಶುರು ಮಾಡ್ತೀನಿ. ಫ್ರಾನ್ಸಿನ ಮಾಂಟ್‌ಗೋಲ್ಫಿಯೆ ಅಣ್ಣತಮ್ಮಂದಿರ ಬಿಸಿಗಾಳಿ ಬಲೂನಿನಲ್ಲಿ ಮೊದಲು ಹೋದದ್ದು ಕುರಿ, ಬಾತುಕೋಳಿ, ಹುಂಜ! ಮೂರೂ ಜೀವಂತ ಇಳಿದವು. ಬಾತುಕೋಳಿಯನ್ನು ಯಾಕೆ ಕೂರಿಸಿದರು ಅಂತ ಮಗುವನ್ನೇ ಕೇಳಿ.

ಹಳೇ ಸೈಕಲ್:
ಬಲೂನ್ ಬೇರೆ ಕಥೆ ಮಾರಾಯರೇ, ಅದು ಗಾಳಿ ಎಳೆದತ್ತ ಹೋಗುತ್ತೆ.

ಪುಸ್ತಕದ ಹುಳು:
ಇರಲಿ, ಮಕ್ಕಳು ನಗಬೇಕಲ್ಲ! ಇನ್ನೊಂದು ಮಾತು, ಸೋತವರ ಬಗ್ಗೆಯೂ ಹೇಳಿ. ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ದೊಡ್ಡ ವಿಜ್ಞಾನಿ, ಸರ್ಕಾರದ ದುಡ್ಡೂ ಇತ್ತು, ಆದರೂ 1903ರ ಡಿಸೆಂಬರ್ 8ರಂದು ಅವರ ವಿಮಾನ ನದಿಗೆ ಬಿತ್ತು. ಒಂಬತ್ತು ದಿನ ಬಿಟ್ಟು ಆರ್ವಿಲ್ ರೈಟ್ 12 ಸೆಕೆಂಡ್ ಹಾರಿದ. ಬರೀ 120 ಅಡಿ, ಈಗಿನ ಜಂಬೋ ಜೆಟ್ಟಿನ ಉದ್ದಕ್ಕಿಂತ ಕಡಿಮೆ. ಅದೇ ದಿನ ನಾಲ್ಕನೇ ಸಲ ವಿಲ್ಬರ್ 59 ಸೆಕೆಂಡ್, 852 ಅಡಿ. ಆಮೇಲೆ ನೆಲದ ಮೇಲೆ ನಿಂತಿದ್ದ ವಿಮಾನವನ್ನು ಗಾಳಿ ಉರುಳಿಸಿ ಮುರಿದು ಹಾಕಿತು. ಅದು ಮತ್ತೆ ಹಾರಲೇ ಇಲ್ಲ.

ಗಾಳಿಪಟ:
ಮೂರು ಡಬ್ಬಿ ಹರಿದವು. ಒಂದು ಕಡೆ ಮೇಲೆ ಹೋದರೆ ಇನ್ನೊಂದು ಕೆಳಗೆ ಹೋಗುತ್ತೆ ಅಂತ ಅವಳೇ ಹೇಳಿದಳು. ಲಿಲಿಯೆಂತಾಲ್ ಅಷ್ಟು ಸಲ ಹಾರಿದರೂ ಅವನಿಗೆ ಯಾಕೆ ಹೊಳೆಯಲಿಲ್ಲ ಅಂತ ಈಗ ಕೇಳ್ತಿದ್ದಾಳೆ.