ಅಪ್‌ಡೇಟ್: ಒಂದೇ ಚೀಲದಲ್ಲಿ ಕಾರವಾರ

ಶಿರಸಿಯಿಂದ ಕಾರವಾರಕ್ಕೆ ಎರಡು ದಿನ, ಒಂದು ಸಣ್ಣ ಹೆಗಲಚೀಲ ಸಾಕಾ ಎಂದು ಕೇಳಿದ್ದೆನಲ್ಲ? ಹೋಗಿ ಬಂದೆ. ಸಾಕು. ಅದೂ ಜಾಸ್ತಿಯೇ ಆಯ್ತು. ಎರಡನೇ ಪ್ಯಾಂಟ್ ಮಡಚಿದ ಹಾಗೇ ವಾಪಸ್ ಬಂತು.

ಟವೆಲ್ ಬದಲು ಪಾಣಿಪಂಚೆ ಒಯ್ಯಿರಿ ಎಂದವರಿಗೆ ದೊಡ್ಡ ನಮಸ್ಕಾರ. ಕೊಡವಿದರೆ ಮರಳು ಹೋಗುತ್ತದೆ, ಬೇಗ ಒಣಗುತ್ತದೆ, ಬಸ್ಸಿನಲ್ಲಿ ತಲೆದಿಂಬೂ ಆಗುತ್ತದೆ.

ಬಸ್ ಇಳಿದವನು ರೂಮು ಹುಡುಕದೆ ಸೀದಾ ಟ್ಯಾಗೋರ್ ಕಡಲತೀರಕ್ಕೆ ನಡೆದೆ. ಮರುದಿನ ಸದಾಶಿವಗಡದ ಗುಡ್ಡ ಹತ್ತಿ, ಕಾಳಿ ನದಿ ಸಮುದ್ರ ಸೇರುವುದನ್ನು ನೋಡುತ್ತಾ ಸುಮ್ನೆ ಕೂತೆ. ಚೀಲ ಬೆನ್ನಲ್ಲೇ ಇತ್ತು, ನೆನಪೇ ಇರಲಿಲ್ಲ.

ಎಡವಟ್ಟಾಗಿದ್ದು ಬರುವಾಗ. ಅತ್ತಿಗೆ ಒಣ ಶೆಟ್ಲಿ (ಸಿಗಡಿ) ತಾ ಅಂದಿದ್ದರು. ಇದ್ದದ್ದೊಂದೇ ಚೀಲ, ಅದರಲ್ಲೇ ತುರುಕಿದೆ. ಹಾಕಿಕೊಳ್ಳದ ಪ್ಯಾಂಟನ್ನೂ ಈಗ ಎರಡು ಸಲ ತೊಳೆದಾಯ್ತು.