ಸಹಾಯ ಬೇಕು: 1.86 ಲಕ್ಷ ಕಿ.ಮೀ. ಓಡಿರೋ ಡೀಸೆಲ್ ಡಿಸೈರ್ ತಗೋಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ದು ತುಮಕೂರು, ಕ್ಯಾತ್ಸಂದ್ರದ ಹತ್ರ. ಅಪ್ಪನ್ನ ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕು. ಒಂದು ಕಡೆಗೇ 70 ಕಿ.ಮೀ., ಬಸ್ಸಲ್ಲಿ ಅವರಿಗೆ ಕೂರೋಕಾಗಲ್ಲ.

ಪರಿಚಯದವರ ಕಡೆಯಿಂದ 2014ರ ಗಾಡಿ ಒಂದು ಬಂದಿದೆ. ಕೆಎ-06, ಎರಡನೇ ಓನರ್. 3.40 ಲಕ್ಷ ಹೇಳ್ತಿದ್ದಾರೆ, ಕೂತು ಮಾತಾಡಿದ್ರೆ ಇಳೀತಾರೆ. ಸರ್ವಿಸ್ ಬಿಲ್ 1.20 ಲಕ್ಷ ಕಿ.ಮೀ.ವರೆಗೆ ಮಾತ್ರ ಇದೆ, ಆಮೇಲೆ "ಹೊರಗಡೆ ಮಾಡಿಸಿದ್ವಿ ಸಾರ್" ಅಂತಾರೆ.

ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡೋಣ ಅಂತ ಬೆಳಗ್ಗೆ ಆರೂವರೆಗೇ ಹೋದೆ. ಬಾನೆಟ್ ಮೇಲೆ ಕೈ ಇಟ್ರೆ ಬೆಚ್ಚಗಿತ್ತು! ನಾನು ಬರೋಕೆ ಮುಂಚೆನೇ ಒಂದು ರೌಂಡ್ ಓಡಿಸಿಟ್ಟಿದ್ರು. ಮಾರನೇ ದಿನ ಹೇಳ್ದೆ ಹೋದೆ. ಸ್ಟಾರ್ಟ್ ಆದ ಕೂಡ್ಲೆ ಎರಡು ಸೆಕೆಂಡ್ ಗರಗರ ಸದ್ದು, ಆಮೇಲೆ ಸದ್ದು ನಿಂತೋಯ್ತು. ಇಂಜಿನ್ ವಾಲ್ವ್‌ಗಳನ್ನ ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸೋಕೆ ಈ ಗಾಡೀಲಿರೋದು ಬೆಲ್ಟ್ ಅಲ್ಲ, ಟೈಮಿಂಗ್ ಚೈನ್. ಅದೇ ಸಡಿಲ ಆಗಿದೆಯಾ? ಹೊಗೆ ಏನೂ ಇಲ್ಲ. ಕ್ಲಚ್ ಮಾತ್ರ ಪೆಡಲ್ ಪೂರ್ತಿ ಮೇಲೆ ಬಂದ್ಮೇಲೆ ಹಿಡಿಯುತ್ತೆ, ಸವೆದಿರ್ಬೇಕು.

ಆರ್‌ಸಿ 2029ರವರೆಗೆ ಇದೆ, 15 ವರ್ಷ ಆದ್ಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸ್ಬೇಕು. ನನ್ನ ಓಡಾಟ ತಿಂಗಳಿಗೆ 500 ಕಿ.ಮೀ. ದಾಟಲ್ಲ. ಇಷ್ಟಕ್ಕೆ ಡೀಸೆಲ್ ಬೇಕಾ, ಇಲ್ಲ ಕಮ್ಮಿ ಓಡಿರೋ ಹಳೇ ಪೆಟ್ರೋಲ್ ವ್ಯಾಗನ್ಆರ್ ನೋಡ್ಲಾ?

ಚೈನ್, ಕ್ಲಚ್ ಎರಡೂ ಮಾಡಿಸಿದವರು ಎಷ್ಟಾಯ್ತು ಹೇಳಿ. ತುಮಕೂರಲ್ಲಿ ಗಾಡಿ ಚೆಕ್ ಮಾಡೋಕೆ ಜೊತೆಗೆ ಬರೋ ಮೆಕ್ಯಾನಿಕ್ ಗೊತ್ತಿದ್ರೆ ಇನ್‌ಬಾಕ್ಸ್ ಮಾಡಿ. ಭಾನುವಾರ ಅಡ್ವಾನ್ಸ್ ಕೇಳ್ತಿದ್ದಾರೆ.